ಡಾಕ್ಟ್ರು ಓದಿ ಚರಂಡಿ ನೋಡ್ಲಿಕ್ಕೆ ಹೋಗುವುದಾ? ತಂಗಿಯ ಮಗಳ ವಿಷಯ, ಸಲಹೆ ಬೇಕು

ಪೆರ್ಲದ ಮಾವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಮನೆ ವಿಷಯ, ಆದರೆ ಇಲ್ಲಿ ತಿಳಿದವರು ಇದ್ದೀರಿ ಅಂತ ಹಾಕುತ್ತಿದ್ದೇನೆ.

ನನ್ನ ತಂಗಿಯ ಮಗಳು ಎಂಬಿಬಿಎಸ್ ಮುಗಿಸಿ ಎರಡು ವರ್ಷ ಆಯ್ತು. ಈಗ ನಮ್ಮ ಕಾಸರಗೋಡಿನ ಗಡಿ ಕಡೆಯ ಒಂದು ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದಾಳೆ. ಪಿಜಿಗೆ ರ‍್ಯಾಂಕ್ ತಕ್ಕಮಟ್ಟಿಗೆ ಬಂದಿದೆ. ಮನೆಯವರೆಲ್ಲ ಮಕ್ಕಳ ಡಾಕ್ಟ್ರು ಆಗು ಎನ್ನುತ್ತಾರೆ. ಅವಳಿಗೆ ಕಮ್ಯುನಿಟಿ ಮೆಡಿಸಿನ್ ಬೇಕಂತೆ, ಅಂದರೆ ಒಬ್ಬೊಬ್ಬ ರೋಗಿಯನ್ನಲ್ಲ, ಇಡೀ ಊರಿನ ಆರೋಗ್ಯ ನೋಡುವ ವಿಭಾಗ. ಅದೂ ಸಾಲದು ಅಂತ ಮೊನ್ನೆ ಊಟಕ್ಕೆ ಕೂತಾಗ "ಮುಂದೆ ಪಂಚಾಯತಿಗೆ ನಿಂತರೂ ನಿಂತೆ" ಎಂದಳು.

ನನ್ನ ಅಪ್ಪನಿಗೆ, ಅಂದರೆ ಅವಳ ಅಜ್ಜನಿಗೆ, 84 ವರ್ಷ. ಬಟ್ಟಲು ಬಿಟ್ಟು ಎದ್ದೇ ಬಿಟ್ಟರು. "ಇಷ್ಟು ಖರ್ಚು ಮಾಡಿ ಡಾಕ್ಟ್ರು ಓದಿಸಿದ್ದು ಚರಂಡಿ ನೋಡ್ಲಿಕ್ಕಾ?" ಅಂತ. ಮಜ್ಜಿಗೆ ಅನ್ನ ಹಾಗೇ ಉಳಿಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಡಾಕ್ಟ್ರು ಆದವರು ಈ ಸಾರ್ವಜನಿಕ ಆರೋಗ್ಯ, ಆಡಳಿತ, ರಾಜಕೀಯ ಅಂತ ಹೋದರೆ ಊರಿಗೆ ಏನಾದರೂ ಉಪಯೋಗ ಉಂಟಾ? ಅಥವಾ ಒಬ್ಬ ಒಳ್ಳೆ ಡಾಕ್ಟ್ರು ಕಮ್ಮಿಯಾಗಿ ಒಬ್ಬ ಸಾಧಾರಣ ರಾಜಕಾರಣಿ ಜಾಸ್ತಿ ಆಗುವುದಾ?

ಕುಂಬಳೆ ಎಕ್ಸ್‌ಪ್ರೆಸ್

ಅಜ್ಜನಿಗೆ ಹೇಳಿ, ಚರಂಡಿ ಸರಿ ಇದ್ದರೆ ಮಳೆಗಾಲದಲ್ಲಿ ಅರ್ಧ ಆಸ್ಪತ್ರೆ ಖಾಲಿ ಅಂತ.

ಅಡಿಕೆ ಸಿಪ್ಪೆ

ನಾನು ಅಜ್ಜನ ಪಾರ್ಟಿ. ಇಲ್ಲಿ ಮಗುವಿಗೆ ರಾತ್ರಿ ಜ್ವರ ಏರಿದರೆ ನಾವು ನೋಡುವುದು ಮಂಗಳೂರು ಕಡೆ. ತಲಪಾಡಿ ದಾಟಬೇಕು, ದೇರಳಕಟ್ಟೆಗೋ ಪೇಟೆಗೋ ಓಡಬೇಕು. ನಮಗೆ ಬೇಕಾದದ್ದು ಸ್ಟೆತಸ್ಕೋಪ್ ಹಿಡಿಯುವವರು. ಮೈಕ್ ಹಿಡಿಯುವವರು ಬೇಕಾದಷ್ಟು ಇದ್ದಾರೆ. ಕಮ್ಯುನಿಟಿ ಮೆಡಿಸಿನ್ ಅಂದರೆ ಬೇರೆ ಸೀಟು ಸಿಗದವರು ತಗೊಳ್ಳುವುದು ಅಂತಲೇ ಎಲ್ಲರೂ ಹೇಳುವುದು. ರ‍್ಯಾಂಕ್ ಇಟ್ಕೊಂಡು ಯಾಕೆ ಮಾರಾಯ್ರೆ?

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ಸಿಪ್ಪೆಯವರೇ, ನಿಮ್ಮ ಮಾತಿನ ಮೊದಲರ್ಧ ಸರಿ. ಎರಡನೆಯದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದವ. ಒಂದೆರಡು ವಿಷಯ ಹೇಳುತ್ತೇನೆ.

ಕರ್ನಾಟಕದ ಲೆಕ್ಕದಲ್ಲಿ ಯೋಚಿಸಬೇಡಿ. ಇದು ಕೇರಳ. 1990ರ ದಶಕದಲ್ಲಿ ಪಂಚಾಯತ್ ರಾಜ್ ಕಾನೂನು, ಊರಿನ ಯೋಜನೆ ಊರವರೇ ಮಾಡುವ ಜನಕೀಯ ಯೋಜನೆ ಎಲ್ಲ ಬಂದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಅಂದರೆ ಪಿಎಚ್‌ಸಿಗಳು ಗ್ರಾಮ ಪಂಚಾಯತಿನ ಕೈಗೆ ಬಂದವು. ಆಸ್ಪತ್ರೆ ಕಮಿಟಿಗೆ ಅಧ್ಯಕ್ಷರು ಪಂಚಾಯತ್ ಪ್ರೆಸಿಡೆಂಟ್. ಮೆಡಿಕಲ್ ಆಫೀಸರ್ ಬರೀ ಕನ್ವೀನರ್. 2017ರಲ್ಲಿ ಸರಕಾರಿ ಆಸ್ಪತ್ರೆ ಸುಧಾರಿಸಲಿಕ್ಕೆ ಆರ್ದ್ರಂ ಮಿಷನ್ ಶುರುವಾಗಿ ಪಿಎಚ್‌ಸಿ ಅಂದದ್ದು ಕುಟುಂಬ ಆರೋಗ್ಯ ಕೇಂದ್ರ ಆಯ್ತಲ್ಲ, ಆಗ ಸಂಜೆವರೆಗೆ ಒಪಿ ನಡೆಯಬೇಕಾದರೆ ಹೆಚ್ಚಿನ ಡಾಕ್ಟ್ರ ಸಂಬಳಕ್ಕೂ ಪಂಚಾಯತ್ ತನ್ನ ಪ್ಲಾನ್ ಫಂಡಿನಿಂದ ಕೊಡಬೇಕು. ಅಂದರೆ ಮಾತ್ರೆ ಬರೆಯುವುದು ಡಾಕ್ಟ್ರು, ಎರಡನೇ ಡಾಕ್ಟ್ರು ಇರಬೇಕೋ ಬೇಡವೋ ಅಂತ ಕೈ ಎತ್ತುವುದು ಮೆಂಬರುಗಳು. ಆ ಮೀಟಿಂಗಿನಲ್ಲಿ ವಿಷಯ ಗೊತ್ತಿರುವವರು ಒಬ್ಬರು ಇದ್ದರೆ ವ್ಯತ್ಯಾಸ ಆಗ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಅನೇಕರಿಗೆ ಗೊತ್ತಿಲ್ಲ. ನಾವು ಕೇರಳ ಸೇರಿದ್ದು 1956ರಲ್ಲಿ. ಆದರೆ ಆರೋಗ್ಯದ ವಿಷಯಕ್ಕೆ ನಮಗೂ ಮಲಬಾರಿಗೂ ನಡೆಯುತ್ತಿದ್ದ ಕಾನೂನು 1939ರ ಮದ್ರಾಸ್ ಪಬ್ಲಿಕ್ ಹೆಲ್ತ್ ಆ್ಯಕ್ಟ್. ತಿರುವಾಂಕೂರು-ಕೊಚ್ಚಿ ಕಡೆಗೆ ಬೇರೆಯದೇ, 1955ರದ್ದು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದದ್ದು 2023ರಲ್ಲಿ! ನಾನು ಸರ್ವೀಸ್ ಪೂರ್ತಿ ನೋಟಿಸ್ ಕೊಟ್ಟದ್ದು ಬ್ರಿಟಿಷರ ಕಾಲದ ಮದ್ರಾಸ್ ಕಾನೂನಿನ ಕೆಳಗೆ.

ಕುಂಬಳೆ ಎಕ್ಸ್‌ಪ್ರೆಸ್

ಹಾಗಾದರೆ ನಾವು ಕರ್ನಾಟಕವೂ ಅಲ್ಲ, ಕೇರಳವೂ ಅಲ್ಲ, ಮದ್ರಾಸಿನವರೇ 😀

ಹೊಸಂಗಡಿ ಹುಡುಗ

ಮಾವ, ಧೈರ್ಯವಾಗಿ ಕಳಿಸಿ. ಬಿ.ಸಿ. ರಾಯ್ ಯಾರು? ಡಾಕ್ಟ್ರು. 1948ರಿಂದ 1962ರಲ್ಲಿ ತೀರಿಕೊಳ್ಳುವವರೆಗೆ ಬಂಗಾಳದ ಮುಖ್ಯಮಂತ್ರಿ. ಮುಖ್ಯಮಂತ್ರಿ ಆದ ಮೇಲೂ ಬೆಳಿಗ್ಗೆ ರೋಗಿಗಳನ್ನು ಪುಕ್ಕಟೆ ನೋಡುತ್ತಿದ್ದರಂತೆ. ಜುಲೈ 1ಕ್ಕೆ ಡಾಕ್ಟರ್ಸ್ ಡೇ ಮಾಡುವುದು ಅವರ ಹೆಸರಲ್ಲೇ. ಹುಟ್ಟಿದ್ದೂ ಹೋದದ್ದೂ ಅದೇ ತಾರೀಕು. ಆಮೇಲೆ ಡಾಕ್ಟ್ರಾಗಿದ್ದು ಆಂಧ್ರದ ಮುಖ್ಯಮಂತ್ರಿಯಾದ ವೈಎಸ್‌ಆರ್. ಈಚೆಗೆ ಜಯದೇವದ ಡಾ. ಮಂಜುನಾಥ್, 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಗೆದ್ದು ಎಂಪಿ ಆಗ್ಲಿಲ್ವಾ?

ಅಕ್ಕಲಕೋಟೆ ಕಡೆಯವ

ವೈಎಸ್‌ಆರ್ ಎಂಬಿಬಿಎಸ್ ಓದಿದ್ದು ನಮ್ಮ ಕಲಬುರ್ಗಿಯ ರಾಂಪೂರೆ ಮೆಡಿಕಲ್ ಕಾಲೇಜಿನಲ್ಲಿ. ಈ ಕಡೆ ಹಿರಿಯರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಪುಲಿವೆಂದುಲದಲ್ಲಿ ಒಂದು ರೂಪಾಯಿ ಡಾಕ್ಟರ್ ಅಂತಲೇ ಹೆಸರು ಮಾಡಿದ್ದವರು.

ಆದರೆ ಬಡವರ ಚಿಕಿತ್ಸೆಗೆ ಸರ್ಕಾರವೇ ದುಡ್ಡು ಕೊಡುವ ಅವರ ಆರೋಗ್ಯಶ್ರೀ ಯೋಜನೆ ಬಗ್ಗೆ ಎರಡೂ ಮಾತು ಉಂಟು. 2007ರಲ್ಲಿ ಶುರುವಾಯಿತು. ಬಡವರಿಗೆ ಹಾರ್ಟ್ ಆಪರೇಷನ್ ಕೈಗೆಟುಕಿತು, ಸುಳ್ಳಲ್ಲ. ಆದರೆ ದುಡ್ಡು ಹೋದದ್ದು ಜಾಸ್ತಿ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ. ಹಳ್ಳಿ ಪಿಎಚ್‌ಸಿ ಅಲ್ಲೇ ಸೊರಗಿತು ಅಂತ ಆಗಲೇ ಟೀಕೆ ಇತ್ತು. ಡಾಕ್ಟರ್ ಮುಖ್ಯಮಂತ್ರಿಯಾದರೆ ಡಾಕ್ಟರ್ ಥರವೇ ಯೋಚನೆ ಮಾಡ್ತಾನ ಅಂತ ನನಗೆ ಅನ್ನಿಸೋದು. ಮುಂದೆ ಕೂತ ರೋಗಿ ಕಾಣ್ತಾನ, ರೋಗ ಬರೋ ದಾರಿ ಕಾಣೋದಿಲ್ಲ.

ಅಡಿಕೆ ಸಿಪ್ಪೆ

ಅಕ್ಕಲಕೋಟೆಯವರು ನನ್ನ ಮಾತನ್ನೇ ಹೇಳಿದರು. ಇನ್ನೊಂದು ನೋಡಿ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗ, ಆಮೇಲೆ ಕೋವಿಡ್ ಬಂದಾಗ ಆರೋಗ್ಯ ಮಂತ್ರಿ ಯಾರು? ಶೈಲಜಾ ಟೀಚರ್. ಹೆಸರಲ್ಲೇ ಉಂಟು, ಟೀಚರ್ ಅಂತ. ಅವರ ನಂತರ ಬಂದ ವೀಣಾ ಜಾರ್ಜ್ ಟಿವಿ ಪತ್ರಕರ್ತೆಯಾಗಿದ್ದವರು. ಆರೋಗ್ಯ ಖಾತೆ ನಡೆಸಲಿಕ್ಕೆ ಡಾಕ್ಟ್ರು ಬೇಕಾಗಿಲ್ಲ. ಡಾಕ್ಟ್ರ ಮಾತು ಕೇಳುವವರು ಸಾಕು.

ಬದಿಯಡ್ಕ ಟೀಚರ್

ಟೀಚರುಗಳನ್ನು ಹೊಗಳಿದ್ದಕ್ಕೆ ಧನ್ಯವಾದ. ಆದರೂ ಒಂದು ತಿದ್ದುಪಡಿ. ಕೇರಳದ ಮೊಟ್ಟಮೊದಲ ಆರೋಗ್ಯ ಮಂತ್ರಿ, 1957ರ ಇಎಂಎಸ್ ಮಂತ್ರಿಮಂಡಲದಲ್ಲಿ, ಡಾ. ಎ.ಆರ್. ಮೆನನ್. ತ್ರಿಶೂರಿನ ವೈದ್ಯರು. ಆದ್ದರಿಂದ ಪರಂಪರೆ ಇಲ್ಲ ಅಂತಲ್ಲ.

ನಮ್ಮ ಮಂಜೇಶ್ವರದಿಂದಲೇ ಡಾ. ಎ. ಸುಬ್ಬರಾವ್ ಗೆದ್ದು 1980ರಲ್ಲಿ ನಾಯನಾರ್ ಸರಕಾರದಲ್ಲಿ ಮಂತ್ರಿಯಾಗಿದ್ದರು. ಹೆಸರಿನ ಮುಂದೆ ಡಾಕ್ಟರ್ ಇತ್ತು. ಸಿಕ್ಕಿದ ಖಾತೆ ನೀರಾವರಿ! ಪಾರ್ಟಿಗೆ ನಿಮ್ಮ ಡಿಗ್ರಿ ಬೇಕಾಗುವುದು ಪೋಸ್ಟರಿಗೆ.

ಗೆಲ್ಲುವುದೂ ಅಷ್ಟು ಸುಲಭ ಇಲ್ಲ. 2022ರಲ್ಲಿ ತೃಕ್ಕಾಕರದಲ್ಲಿ ಹೃದಯ ತಜ್ಞ ಡಾ. ಜೋ ಜೋಸೆಫ್ ನಿಂತು ಸೋತರು. 2024ರಲ್ಲಿ ಪಾಲಕ್ಕಾಡಿನಲ್ಲಿ ಡಾ. ಸರಿನ್ ಸೋತರು. ಅವರಂತೂ ಎಂಬಿಬಿಎಸ್ ಮಾಡಿ, ಸಿವಿಲ್ ಸರ್ವೀಸಿಗೂ ಹೋಗಿ, ಅದನ್ನೂ ಬಿಟ್ಟು ಬಂದವರು. ಹುಡುಗಿಗೆ ಇದೆಲ್ಲ ಗೊತ್ತಿರಲಿ.

ಹೊಸಂಗಡಿ ಹುಡುಗ

ಟೀಚರ್, ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಡಬ್ಲ್ಯುಎಚ್‌ಒ ಮುಖ್ಯಸ್ಥ ಡಾಕ್ಟ್ರೇ ಆಗಬೇಕಲ್ವಾ? ಅದು ರಾಜಕೀಯವೂ ಹೌದು, ಆರೋಗ್ಯವೂ ಹೌದು.

ರಾತ್ರಿ ಡ್ಯೂಟಿ

ಇಲ್ಲ ತಮ್ಮಾ. 2017ರಲ್ಲಿ ಬಂದ ಟೆಡ್ರೋಸ್ ರೋಗಿಗಳನ್ನು ನೋಡುವ ಡಾಕ್ಟ್ರು ಅಲ್ಲ. ಅವರ ಪಿಎಚ್‌ಡಿ ಸಮುದಾಯ ಆರೋಗ್ಯದಲ್ಲಿ. ಇಥಿಯೋಪಿಯಾದಲ್ಲಿ ಆರೋಗ್ಯ ಮಂತ್ರಿಯಾಗಿದ್ದರು, ವಿದೇಶಾಂಗ ಮಂತ್ರಿಯೂ ಆಗಿದ್ದರು. ನೀನು ಹೇಳುವ ಹಾಗಿನವರು ಬೇಕಾದರೆ ನಾರ್ವೆಯ ಬ್ರುಂಟ್‌ಲಾಂಡ್. ಡಾಕ್ಟ್ರು, ಪ್ರಧಾನಿ, ಆಮೇಲೆ 1998ರಿಂದ 2003ರವರೆಗೆ ಡಬ್ಲ್ಯುಎಚ್‌ಒ ಮುಖ್ಯಸ್ಥೆ. ಮೂರೂ ಆದವರು.

(ಡ್ಯೂಟಿಯಲ್ಲಿದ್ದೇನೆ. ಈ ವಿಷಯದಲ್ಲಿ ನನಗೆ ಹೇಳಲಿಕ್ಕೆ ಸುಮಾರು ಉಂಟು. ಆಮೇಲೆ ಬರುತ್ತೇನೆ.)

ಸ್ವರ್ಗದಿಂದ

ಮೊದಲೇ ಹೇಳುತ್ತೇನೆ, ಸತ್ತ ಮೇಲೆ ಹೋಗುವ ಸ್ವರ್ಗ ಅಲ್ಲ. ಪಡ್ರೆ ಪಕ್ಕದ ಸ್ವರ್ಗ. ಪೆರ್ಲದ ಮಾವನಿಗೆ ಗೊತ್ತು.

ನೀವೆಲ್ಲ ಮುಖ್ಯಮಂತ್ರಿ, ಡಬ್ಲ್ಯುಎಚ್‌ಒ ಅಂತ ಎಲ್ಲಿಗೋ ಹೋದಿರಿ. ಮನೆ ಹಿಂದಿನ ಗುಡ್ಡ ಮರೆತಿರಿ. ನಾನು ಸಣ್ಣವಳಿದ್ದಾಗ ಗೇರು ತೋಟಕ್ಕೆ ಹೆಲಿಕಾಪ್ಟರ್ ಬರುವುದು ಅಂದರೆ ನಮಗೆ ಜಾತ್ರೆ. ಶಾಲೆಯಿಂದ ಓಡಿ ಬಂದು ನೋಡುತ್ತಿದ್ದೆವು. ಮೈ ಮೇಲೆ ಸಣ್ಣಗೆ ಹನಿ ಬೀಳುತ್ತಿತ್ತು. ಅದು ಎಂಡೋಸಲ್ಫಾನ್ ಅಂತ ಕೀಟನಾಶಕ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. 1970ರ ದಶಕದ ಕೊನೆಯಿಂದ 2000ದವರೆಗೆ ಹೊಡೆದರು. ನಮ್ಮದು ಸುರಂಗದ ನೀರು, ಗುಡ್ಡದ ನೀರು. ಮೇಲೆ ಬಿದ್ದದ್ದು ಕೆಳಗೆ ಬಾರದೆ ಇರ್ತದಾ?

ಅದನ್ನು ಮೊದಲು ಗಮನಿಸಿದವರಲ್ಲಿ ಒಬ್ಬರು ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್. ಅವರು ಜಿಲ್ಲಾ ವೈದ್ಯಾಧಿಕಾರಿ (ಡಿಎಂಒ) ಅಲ್ಲ, ಎಂಎಲ್‌ಎ ಅಲ್ಲ. ಹಳ್ಳಿಯಲ್ಲಿ ಒಂದು ಕ್ಲಿನಿಕ್. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಯಾಕೆ ಅಂತ ಅವರಿಗೆ ಸಂಶಯ ಬಂತು. ಮನೆ ಮನೆ ಲೆಕ್ಕ ಹಿಡಿದರು, ವೈದ್ಯರ ಪತ್ರಿಕೆಗೆ ಬರೆದರು. ಶ್ರೀ ಪಡ್ರೆಯವರು ಪೇಪರುಗಳಲ್ಲಿ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಅಂತ ಒಬ್ಬರು ಕೃಷಿ ಇಲಾಖೆಯ ನೌಕರರು ಕೋರ್ಟಿಗೆ ಹೋದರು. ಮಂತ್ರಿ ಆದ ಡಾಕ್ಟ್ರು ಒಬ್ಬರೂ ಆಗ ಈ ಕಡೆ ತಲೆ ಹಾಕಿ ನೋಡಲಿಲ್ಲ.

ಸಾರ್ವಜನಿಕ ಆರೋಗ್ಯ ಅಂದರೆ ನನಗೆ ಆ ಕ್ಲಿನಿಕ್. ಪೋಸ್ಟು, ಕಾರು ಯಾವುದೂ ಬೇಡ. ಮೊದಲು ಲೆಕ್ಕ ಬರೆಯಲಿ.

ಅಡಿಕೆ ಸಿಪ್ಪೆ

ಅಕ್ಕ, ಕೈ ಮುಗಿದೆ. ಇದಕ್ಕೆ ಎದುರು ಮಾತಿಲ್ಲ.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ಎದುರು ಮಾತು ನನ್ನ ಹತ್ತಿರ ಉಂಟು, ಸಿಟ್ಟಾಗಬೇಡಿ ತಂಗೀ. ಡಾಕ್ಟ್ರು ಲೆಕ್ಕ ಬರೆದರು, ಸರಿ. ಆ ಲೆಕ್ಕ ಎಷ್ಟು ವರ್ಷ ಯಾರೂ ಕೇಳದೆ ಬಿದ್ದಿತ್ತು? ಅದಕ್ಕೆ ಕಾಲು ಬಂದದ್ದು ರಾಜಕೀಯದವರು ಕೈ ಹಾಕಿದ ಮೇಲೆ. ಸಿಪಿಎಂ ನಾಯಕ ವಿ.ಎಸ್. ಅಚ್ಯುತಾನಂದನ್ ಬಂದರು. ಸುಪ್ರೀಂ ಕೋರ್ಟಿಗೆ ಹೋದದ್ದು ಅದೇ ಪಾರ್ಟಿಯ ಯುವ ಸಂಘಟನೆ ಡಿವೈಎಫ್‌ಐ. 2011ರ ಮೇಯಲ್ಲಿ ಇಡೀ ದೇಶಕ್ಕೆ ತಡೆ ಬಂತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ ಆರ್ಡರ್ ಆಯ್ತು. ಅದನ್ನೂ ಸರಿಯಾಗಿ ಕೊಡದೆ ಮತ್ತೆ ಕೋರ್ಟಿನಲ್ಲಿ ಬೈಸಿಕೊಂಡರು, ಅದು ಬೇರೆ. ನೋಡಿದವರು ಒಬ್ಬರು, ದೂಡಿದವರು ಇನ್ನೊಬ್ಬರು. ಈ ಹುಡುಗಿ ಎರಡನ್ನೂ ಮಾಡ್ತೇನೆ ಅಂತ ಹೊರಟಿದ್ದಾಳೆ ಅಲ್ವಾ?

ಸ್ವರ್ಗದಿಂದ

ಸಿಟ್ಟಿಲ್ಲ ಅಣ್ಣ. ಆದರೆ ಅಷ್ಟೂ ವರ್ಷ ತೋಟದ ಮೇಲೆ ಹೊಡೆದದ್ದು ಯಾರು? ಸರಕಾರದ್ದೇ ಪ್ಲಾಂಟೇಷನ್ ಕಾರ್ಪೊರೇಷನ್. ಅಲ್ಲೂ ರಾಜಕೀಯದವರೇ ಇದ್ದರಲ್ಲ.

ಕುಂಬಳೆ ಎಕ್ಸ್‌ಪ್ರೆಸ್

1-1. ಸಮ.

ತಾಳವಾಡಿ ತಮ್ಮ

ತಮಿಳುನಾಡಿನ ಕನ್ನಡಿಗನ ಮಾತೂ ಕೇಳಿ ಸ್ವಾಮಿ. ಈರೋಡು ಜಿಲ್ಲೆ, ಆದರೆ ನಮಗೆ ಹತ್ತಿರ ಚಾಮರಾಜನಗರ. ಬೆಟ್ಟದ ಆ ಕಡೆ ಬಿಳಿಗಿರಿರಂಗನ ಬೆಟ್ಟ, ಡಾ. ಸುದರ್ಶನ್ ಅವರ ಜಾಗ. ಸೋಲಿಗರ ಜೊತೆ ಇದ್ದು ಕೆಲಸ ಮಾಡಿದವರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಕರ್ನಾಟಕ ಸರ್ಕಾರ ಆರೋಗ್ಯ ಟಾಸ್ಕ್ ಫೋರ್ಸ್ ಮಾಡಿದಾಗ ಅವರೇ ಅಧ್ಯಕ್ಷರು. ಆಮೇಲೆ ಲೋಕಾಯುಕ್ತದಲ್ಲಿ ಕೂತು ಆರೋಗ್ಯ ಇಲಾಖೆಯ ಲಂಚದ ಹಿಂದೆ ಬಿದ್ದರು. ಓಟಿಗೆ ನಿಲ್ಲದೇನೇ ಎಷ್ಟು ದೂರ ಹೋಗಬಹುದು ನೋಡಿ. ಕ್ಲಿನಿಕ್ಕು ಇಲ್ಲಾಂದ್ರೆ ಎಲೆಕ್ಷನ್, ಎರಡೇ ದಾರಿ ಅಂತ ಯಾಕೆ ಅಂದ್ಕೊಂಡಿದ್ದೀರಾ?

ಇನ್ನೊಂದು. ನಮ್ಮ ರಾಜ್ಯದಲ್ಲಿ ಪಬ್ಲಿಕ್ ಹೆಲ್ತಿಗೆ ಬೇರೆ ಡೈರೆಕ್ಟರೇಟೇ ಇದೆ, ಮದ್ರಾಸ್ ಪ್ರೆಸಿಡೆನ್ಸಿ ಕಾಲದಿಂದ. ಆ ಡಾಕ್ಟರುಗಳು ಅದರಲ್ಲೇ ಓದಿ ಅದರಲ್ಲೇ ಮೇಲೆ ಹೋಗ್ತಾರೆ. ಸೊಳ್ಳೆ, ನೀರು, ಲಸಿಕೆ, ಇದೇ ಅವರ ಜೀವನ. ಯಾರೂ ಅವರನ್ನ "ಸೀಟು ಸಿಗದವರು" ಅನ್ನಲ್ಲ.

ಅಡಿಕೆ ಸಿಪ್ಪೆ

ಆ ಮಾತು ವಾಪಸ್ ತಗೊಂಡೆ ಮಾರಾಯ್ರೆ. ಎಷ್ಟು ಸಲ ಹೊಡೆಯುತ್ತೀರಿ?

ಮಂಜೇಶ್ವರದ ಸೊಸೆ

ಗಂಡಸರೆಲ್ಲ ಮಾತಾಡಿ ಆಯ್ತಾ? ಹುಡುಗಿಯನ್ನು ಯಾರಾದರೂ ಕೇಳಿದಿರಾ, ಅವಳಿಗೆ ಯಾಕೆ ಪಂಚಾಯತಿಗೆ ನಿಲ್ಲಬೇಕು ಅಂತ? ಇಲ್ಲಿ ಪಂಚಾಯತಿನಲ್ಲಿ ಹೆಂಗಸರಿಗೆ 50% ಮೀಸಲಾತಿ. ಪಾರ್ಟಿಯವರು ಯಾರಾದರೂ ಬಂದು "ನಿಮ್ಮಂಥ ಓದಿದವರು ಬೇಕು" ಎಂದಿದ್ದರೆ ಹುಷಾರು. ಗೆಲ್ಲುವವರೆಗೆ ಡಾಕ್ಟ್ರು, ಗೆದ್ದ ಮೇಲೆ ಸಹಿ ಹಾಕುವವಳು. ನನ್ನ ಅತ್ತೆ ಒಂದು ಅವಧಿ ಮೆಂಬರ್ ಆಗಿದ್ದರು, ಹತ್ತಿರದಿಂದ ನೋಡಿದ್ದೇನೆ. ಇನ್ನು ಪರ್ಮನೆಂಟ್ ಸರಕಾರಿ ಕೆಲಸ ಸಿಕ್ಕಿದರೆ ರಾಜೀನಾಮೆ ಕೊಡದೆ ನಿಲ್ಲುವ ಹಾಗೂ ಇಲ್ಲ.

ಆದರೂ ನಾನು ಅವಳ ಪರ. ಯಾಕೆ ಅಂದರೆ 2020ರ ಮಾರ್ಚ್. ಮಾವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಗಡಿ ಆಚೆ. ಒಂದು ಬೆಳಿಗ್ಗೆ ಎದ್ದರೆ ಕೋವಿಡ್ ಅಂತ ಕರ್ನಾಟಕದವರು ಗಡಿ ರಸ್ತೆಗೆ ಮಣ್ಣು ಸುರಿದಿದ್ದಾರೆ. ನಮಗೆ ಮೊದಲ ಸಲ ಗೊತ್ತಾಯ್ತು, ಈ ಜಿಲ್ಲೆಯಲ್ಲಿ ನಮ್ಮದು ಅಂತ ಎಷ್ಟು ಆಸ್ಪತ್ರೆ ಇದೆ, ಎಷ್ಟು ಇಲ್ಲ ಅಂತ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು. ಕಟ್ಟಡದ ಬಾಗಿಲು ತೆಗೆಯಲಿಕ್ಕೆ ಕೋವಿಡ್ ಬರಬೇಕಾಯ್ತು. ಅಂಥಾ ಕಡತದ ಹಿಂದೆ ಬಿದ್ದು ಓಡಿಸುವವರು ಒಬ್ಬರು ನಮ್ಮವರು ಬೇಡ್ವಾ? 2022ರಲ್ಲಿ ಕಾಸರಗೋಡಿಗೆ ಏಮ್ಸ್ ಬೇಕು ಅಂತ ತಿರುವನಂತಪುರದಲ್ಲಿ ಉಪವಾಸ ಕೂತದ್ದು ಯಾರು? ಸಮಾಜ ಸೇವಕಿ ದಯಾಬಾಯಿ. ಅವರು ಈ ಜಿಲ್ಲೆಯವರೂ ಅಲ್ಲ!

ಚಂದ್ರಗಿರಿ ತೀರ

ಎಲ್ಲದಕ್ಕೂ ಮೂಲ ಒಂದೇ. ರಾಜ್ಯಗಳ ಗಡಿ ವಿಷಯದ ಮಹಾಜನ್ ವರದಿ ಜಾರಿಯಾಗದ್ದು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕು ಅಂತ 1967ರಲ್ಲೇ ಬರೆದಿದ್ದರು. ಸೇರಿದ್ದರೆ ಈ ಗೋಳು ಇರಲಿಲ್ಲ.

ಕುಂಬಳೆ ಎಕ್ಸ್‌ಪ್ರೆಸ್

ಬಂತು. ನಾನು ಕಾಯುತ್ತಿದ್ದೆ.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ಚಂದ್ರಗಿರಿಯವರೇ, ನಿಮ್ಮ ನೋವು ನನ್ನದೂ ಹೌದು. ಆದರೆ ಡೆಂಗ್ಯೂ ಸೊಳ್ಳೆ ಮಹಾಜನ್ ವರದಿ ಓದುವುದಿಲ್ಲ.

ಚಂದ್ರಗಿರಿ ತೀರ

ಸೊಳ್ಳೆ ಓದುವುದಿಲ್ಲ, ಸರಿ. ಡೆಂಗ್ಯೂ ನೋಟಿಸು ಮಲಯಾಳದಲ್ಲಿ ಬಂದರೆ ನಮ್ಮ ಅಮ್ಮನೂ ಓದುವುದಿಲ್ಲ. ಅದಕ್ಕೆ ಏನು ಹೇಳ್ತೀರಿ?

ರಾತ್ರಿ ಡ್ಯೂಟಿ

ಡ್ಯೂಟಿ ಮುಗೀತು. ಚಂದ್ರಗಿರಿಯವರು ವಿಷಯ ತಪ್ಪಿಸಿದರು ಅಂತ ಬೈಯಬೇಡಿ. ವಿಷಯಕ್ಕೆ ಬಂದದ್ದೇ ಅವರು.

ನಾನೂ ಡಾಕ್ಟ್ರು. ಕಮ್ಯುನಿಟಿ ಮೆಡಿಸಿನ್ ಓದುವಾಗ ನಮಗೆಲ್ಲ ಒಂದು ಹೆಸರು ಹೇಳಿ ಕೊಡುತ್ತಾರೆ, ರುಡಾಲ್ಫ್ ವಿರ್ಶೋ. ಜರ್ಮನಿಯವರು. 1848ರಲ್ಲಿ ಅಪ್ಪರ್ ಸೈಲೀಸಿಯಾ ಎಂಬಲ್ಲಿ ಟೈಫಸ್ ಜ್ವರ ಹರಡಿತು. ಸರಕಾರ ಇವರನ್ನು ನೋಡಿ ಬಾ ಅಂತ ಕಳಿಸಿತು. ಆಗ ವಯಸ್ಸು 26. ಅದು ಗಡಿ ನಾಡು. ಜನ ಪೋಲಿಷ್ ಮಾತಾಡುವವರು, ಅಧಿಕಾರಿಗಳು ಜರ್ಮನ್. ಬಡತನ, ಹಸಿವು. ಈ ಹುಡುಗ ವಾಪಸ್ ಹೋಗಿ ಕೊಟ್ಟ ವರದಿಯಲ್ಲಿ ಔಷಧಿ ಹೆಸರು ಹುಡುಕಿದರೆ ಸಿಗುವುದು ಕಮ್ಮಿ. ರಸ್ತೆ ಮಾಡಿ, ಶಾಲೆ ಕೊಡಿ, ಬಡವರ ತೆರಿಗೆ ಇಳಿಸಿ, ಅವರ ಆಡಳಿತ ಅವರ ಕೈಗೆ ಕೊಡಿ ಅಂತ ಬರೆದಿದ್ದರು. ಜೊತೆಗೆ ಪೋಲಿಷ್ ಭಾಷೆಗೆ ಅಲ್ಲಿ ಆಡಳಿತದಲ್ಲಿ ಜಾಗ ಕೊಡಿ ಅಂತ. ಜ್ವರಕ್ಕೆ ಭಾಷೆಯನ್ನು ಮದ್ದಾಗಿ ಬರೆದ ಡಾಕ್ಟ್ರು!

ಇದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥ ಆದದ್ದು ಕೆಲಸಕ್ಕೆ ಸೇರಿದ ಮೇಲೆ. ಒಂದು ಅಜ್ಜಿ, ಶುಗರ್. ಮಾತ್ರೆ ಚೀಟಿ ಮೇಲೆ ಊಟದ ಮೊದಲು, ಊಟದ ನಂತರ ಅಂತ ಮಲಯಾಳದಲ್ಲಿ ಬರೆದಿತ್ತು. ಅಜ್ಜಿಗೆ ಕನ್ನಡ ಓದಲಿಕ್ಕೆ ಚೆನ್ನಾಗಿ ಬರುತ್ತದೆ, ಮಲಯಾಳ ಒಂದಕ್ಷರ ಇಲ್ಲ. ಬಣ್ಣ ನೋಡಿ ಅಂದಾಜಿನ ಮೇಲೆ ತಗೊಳ್ಳುತ್ತಿದ್ದರು. ಆ ತಿಂಗಳು ಕಂಪನಿ ಬದಲಾಗಿ ಮಾತ್ರೆಯ ಬಣ್ಣವೂ ಬದಲಾಯಿತು. ಅವರನ್ನು ಎತ್ತಿಕೊಂಡು ಬಂದರು. ಶುಗರ್ 42ಕ್ಕೆ ಇಳಿದಿತ್ತು. ನಾನು ಗ್ಲೂಕೋಸ್ ಕೊಟ್ಟೆ, ಎದ್ದು ಕೂತರು. ಒಬ್ಬರನ್ನು ಎಬ್ಬಿಸುವುದು ನನ್ನ ಕೈಯಲ್ಲಿತ್ತು. ಚೀಟಿ ಎರಡು ಭಾಷೆಯಲ್ಲಿ ಬರುವ ಹಾಗೆ ಮಾಡುವುದು ನನ್ನ ಕೈಯಲ್ಲಿ ಇರಲಿಲ್ಲ. ಅದು ಇನ್ನಾವುದೋ ಮೇಜಿನ ಮೇಲೆ.

ಪೆರ್ಲದ ಮಾವ, ನಿಮ್ಮ ತಂಗಿಯ ಮಗಳು ಆ ಮೇಜಿನ ಹತ್ತಿರ ಹೋಗಬೇಕು ಅಂತ ಹೇಳುತ್ತಿದ್ದಾಳೆ. ಹಾಗೆ ನನಗೆ ಕೇಳಿಸಿತು. ಓದು ಬೇಕಾದರೆ ದೂರ ಹೋಗಬೇಕಾಗಿಯೂ ಇಲ್ಲ. ಪೆರಿಯದ ಕೇಂದ್ರ ವಿಶ್ವವಿದ್ಯಾಲಯದಲ್ಲೇ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಉಂಟು. ಸೀಟು ವಿಷಯಕ್ಕೆ ಅವಳಿಗೆ ಏನಾದರೂ ಕೇಳಬೇಕಿದ್ದರೆ ನನಗೆ ಮೆಸೇಜ್ ಹಾಕಲಿ.

ಒಂದೇ ಮಾತು ಹೇಳಿ. ಪಿಜಿ ಮುಗಿಯುವವರೆಗೆ ಪಾರ್ಟಿ ಶಾಲು ಹಾಕಬೇಡ ಅಂತ. ಒಂದು ಸಲ ಬಣ್ಣ ಬಿದ್ದರೆ ಅವಳು ಬರೆದ ಲೆಕ್ಕವನ್ನು ಅರ್ಧ ಊರು ನಂಬುವುದಿಲ್ಲ.

ಸ್ವರ್ಗದಿಂದ

ಕೊನೆ ಸಾಲು ಪ್ರಿಂಟ್ ಹಾಕಿಸಿ ಅವಳ ಟೇಬಲ್ ಮೇಲೆ ಅಂಟಿಸಿ ಮಾವ.

ಮಂಜೇಶ್ವರದ ಸೊಸೆ

ಆ ಅಜ್ಜಿ ಈಗ ಹೇಗಿದ್ದಾರೆ?

ರಾತ್ರಿ ಡ್ಯೂಟಿ

ಚೆನ್ನಾಗಿದ್ದಾರೆ ಅಕ್ಕ. ಮೊನ್ನೆ ಹಲಸಿನ ಹಪ್ಪಳ ತಂದು ಕೊಟ್ಟರು. ನಾನು ಮಾತ್ರೆ ಕವರಿನ ಮೇಲೆ ಕೈಯಲ್ಲೇ ಕನ್ನಡದಲ್ಲಿ ಬರೆದು ಕೊಡುತ್ತೇನೆ. ನನ್ನ ಅಕ್ಷರ ಅವರಿಗೆ ಓದಲಿಕ್ಕೆ ಆಗ್ತದೆ ಅಂದರು. ಡಾಕ್ಟ್ರ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಎಂತ ಬೇಕು?

ಪೆರ್ಲದ ಮಾವ

ಎಲ್ಲರಿಗೂ ತುಂಬ ಉಪಕಾರ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಹುಡುಗಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು, ಕೇಳದವಳ ಹಾಗೆ. ಪಡ್ರೆ ವಿಷಯ ಬಂದಾಗ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ದೊಡ್ಡಮ್ಮನ ಮನೆ ಆ ಕಡೆಯೇ.

ಎಲ್ಲ ಕೇಳಿ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಪ್ರಶ್ನೆ: "ಆ ಜರ್ಮನಿಯವನ ವರದಿಗೆ ಸರಕಾರ ಎಂತ ಮಾಡಿತು?" ನನಗೆ ಗೊತ್ತಿಲ್ಲ. ರಾತ್ರಿ ಡ್ಯೂಟಿಯವರು ಹೇಳಬೇಕು.

ರಾತ್ರಿ ಡ್ಯೂಟಿ

ಸರಕಾರಕ್ಕೆ ಸಿಟ್ಟು ಬಂತು. ಅದೇ ವರ್ಷ ಬರ್ಲಿನ್ನಿನಲ್ಲಿ ದಂಗೆ ಆದಾಗ ಇವರೂ ಬೀದಿಗೆ ಇಳಿದಿದ್ದರು. ಮಾರನೆಯ ವರ್ಷ ಬರ್ಲಿನ್ ಬಿಟ್ಟು ವೂರ್ಟ್ಸ್‌ಬುರ್ಗ್‌ಗೆ ಹೋಗಬೇಕಾಯ್ತು. ಏಳು ವರ್ಷ ಬಿಟ್ಟು ವಾಪಸ್ ಬಂದರು. 1859ರಲ್ಲಿ ಬರ್ಲಿನ್ ನಗರಸಭೆಗೆ ಗೆದ್ದರು. ಆಮೇಲೆ ಏನು ಮಾಡಿಸಿದರು ಗೊತ್ತಾ?

ಊರಿಗೆ ಒಳಚರಂಡಿ.

ಪೆರ್ಲದ ಮಾವ

ಅಪ್ಪನಿಗೆ ಹೇಳಿದೆ. "ಹಾಗಾದರೆ ಚರಂಡಿಯೇ" ಎಂದರು. ಮತ್ತೇನೂ ಹೇಳಲಿಲ್ಲ. ಆದರೆ ಇವತ್ತು ಮಧ್ಯಾಹ್ನ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿ ಊಟ ಮಾಡಿದರು. ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು.

ಕುಂಬಳೆ ಎಕ್ಸ್‌ಪ್ರೆಸ್

ಅಜ್ಜನನ್ನೇ ನಿಲ್ಲಿಸಿ ಮಾವ. ನನ್ನ ಮನೆಯ ಐದು ಓಟು ಗ್ಯಾರಂಟಿ.